ದೊಡ್ಡಪ್ಪನ ಕಾರ್ಡುಗಳು ಗುಜರಿಗೆ ಹೋದ ಮೇಲೆ

ದೊಡ್ಡಪ್ಪ ತೀರಿಕೊಂಡ ಮೂರನೇ ತಿಂಗಳಿಗೆ ಸಾಗರದ ಮನೆಯ ಅಟ್ಟ ಖಾಲಿ ಮಾಡಿಸಿದರು. ಅಲ್ಲೊಂದು ತಗಡಿನ ಟ್ರಂಕ್ ಇತ್ತು. ಒಳಗಿದ್ದ ಕಾಗದಗಳನ್ನೆಲ್ಲ ಹಳೇ ಪೇಪರ್ ಜೊತೆ ತೂಕಕ್ಕೆ ಹಾಕಿದರು. ನನಗೆ ವಿಷಯ ಗೊತ್ತಾದಾಗ ಒಂದು ವಾರ ಕಳೆದಿತ್ತು. ಗುಜರಿ ಅಂಗಡಿಗೆ ಓಡಿದೆ. ಲಾರಿ ಹೊರಟು ನಾಲ್ಕು ದಿನ ಆಗಿತ್ತು.

ಆ ಟ್ರಂಕಿನಲ್ಲಿದ್ದದ್ದು ಕ್ಯೂಎಸ್‌ಎಲ್ ಕಾರ್ಡುಗಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಶಾರ್ಟ್‌ವೇವ್ ರೇಡಿಯೋ ಕೇಳುವ ಹವ್ಯಾಸಿಗಳು ದೂರದ ಯಾವುದೋ ಸ್ಟೇಷನ್ ಸಿಕ್ಕರೆ ಸುಮ್ಮನೆ ಕೇಳಿ ಬಿಡುತ್ತಿರಲಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಫ್ರೀಕ್ವೆನ್ಸಿಯಲ್ಲಿ, ಏನು ಕೇಳಿಸಿತು, ಎಷ್ಟು ಚೆನ್ನಾಗಿ ಕೇಳಿಸಿತು ಎಂದು ಆ ಸ್ಟೇಷನ್ನಿಗೆ ವರದಿ ಬರೆಯುತ್ತಿದ್ದರು. ಕೇಳಿಸಿದ ಗುಣಮಟ್ಟಕ್ಕೆ ಐದು ಅಂಕಿ. ಅದಕ್ಕೆ ಸಿನ್‌ಪೋ ಎನ್ನುತ್ತಾರೆ: ಸದ್ದಿನ ಬಲ, ಬೇರೆ ಸ್ಟೇಷನ್ನಿನ ಅಡಚಣೆ, ಗೊರಗೊರ, ಅಲೆ ಏರಿಳಿಯುವುದು, ಒಟ್ಟಾರೆ ಹೇಗಿತ್ತು. ಒಂದೊಂದಕ್ಕೂ 1ರಿಂದ 5. ಎಲ್ಲಕ್ಕೂ 5 ಬಂದರೆ ಪಕ್ಕದ ಕೋಣೆಯಲ್ಲಿ ಕೂತು ಮಾತಾಡಿದ ಹಾಗೆ. ಸ್ಟೇಷನ್ನಿನವರು ವರದಿಯನ್ನು ತಾಳೆ ನೋಡಿ, ಸರಿಯಿದ್ದರೆ ಚಂದದ ಒಂದು ಕಾರ್ಡ್ ಕಳಿಸುತ್ತಿದ್ದರು. ಅದೇ ಕ್ಯೂಎಸ್‌ಎಲ್. ದೊಡ್ಡಪ್ಪನ ಹತ್ತಿರ ಅಂಥವು ನಾನೂರರ ಮೇಲಿದ್ದವು.

ಯಾರನ್ನೂ ಬೈಯುವ ಹಾಗಿಲ್ಲ. "ನಲವತ್ತು ವರ್ಷ ಅದರ ಧೂಳು ಒರೆಸಿದವಳು ನಾನೇ ಕಣೇ. ಅವರೇ ಹೋದ ಮೇಲೆ ಇನ್ಯಾರಿಗೆ ಅಂತ ಇಟ್ಕೊಳ್ಳಲಿ?" ಎಂದರು ದೊಡ್ಡಮ್ಮ. ನನ್ನ ಹತ್ತಿರ ಉತ್ತರ ಇರಲಿಲ್ಲ. ದೊಡ್ಡಪ್ಪ ಇದ್ದಾಗ ಒಂದು ದಿನವೂ ನಾನು ಎದುರು ಕೂತು, ಇದೆಲ್ಲ ಹೇಗೆ ಶುರುವಾಯಿತು ಎಂದು ಕೇಳಿರಲಿಲ್ಲ.

ಉಳಿದದ್ದು ಎರಡೇ ಪುಸ್ತಕ. ರೇಡಿಯೋ ಇಟ್ಟಿದ್ದ ಮೇಜಿನ ಖಾನೆಯಲ್ಲಿದ್ದ ಕಾರಣ ಬಚಾವಾಗಿದ್ದವು. ಒಂದು, ಕೇಳಿದ್ದನ್ನೆಲ್ಲ ದಿನ, ಸಮಯದ ಜೊತೆ ಬರೆದಿಟ್ಟ ಲಾಗ್‌ಬುಕ್. ಇನ್ನೊಂದು ವಿಳಾಸಗಳ ಡೈರಿ. ಡೈರಿಯ ಕೊನೆಯಲ್ಲಿ 'ರೇಡಿಯೋ ಮಿತ್ರರು' ಎಂಬ ತಲೆಬರಹದ ಕೆಳಗೆ 17 ವಿಳಾಸ. ಹಾಸನ, ದಾವಣಗೆರೆ, ಶಿರಸಿ, ಧಾರವಾಡ, ಚಿಕ್ಕಮಗಳೂರು. ಹೋದ ಕಾರ್ಡು ಹೋಯಿತು, ಇವರ ಮಾತನ್ನಾದರೂ ಹಿಡಿದಿಡೋಣ ಎಂದುಕೊಂಡೆ. ಎರಡು ತಿಂಗಳ ಕೆಲಸ ಎಂದು ಲೆಕ್ಕ ಹಾಕಿದ್ದೆ. ಹಿಡಿದದ್ದು ಹನ್ನೊಂದು ತಿಂಗಳು.

ಮೊದಲ ತೊಡಕು ವಿಳಾಸದ್ದೇ. ಅರ್ಧಕ್ಕರ್ಧ ವಿಳಾಸಗಳಿಗೆ ಪಿನ್ ಕೋಡ್ ಇರಲಿಲ್ಲ. ಪಿನ್ ಕೋಡ್ ಬಂದದ್ದೇ 1972ರ ಆಗಸ್ಟ್ 15ಕ್ಕೆ, ಇವು ಅದಕ್ಕಿಂತ ಹಿಂದೆ ಬರೆದುಕೊಂಡವು. ಒಂದೊಂದನ್ನೇ ಹುಡುಕಿ ಸೇರಿಸಿ, 17 ಜನಕ್ಕೂ ಇನ್‌ಲ್ಯಾಂಡ್ ಲೆಟರ್ ಬರೆದೆ. ವಾಟ್ಸಾಪ್ ಬಿಟ್ಟು ಇದೇನು ಎಂದು ಮನೆಯಲ್ಲಿ ನಕ್ಕರು. ಆದರೆ ನನ್ನ ಹತ್ತಿರ ಇದ್ದದ್ದು ವಿಳಾಸ ಮಾತ್ರ. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಜೀವನವಿಡೀ ಪೋಸ್ಟ್‌ಮ್ಯಾನ್ ದಾರಿ ಕಾದವರು ಇವರು. ಗೊತ್ತಿಲ್ಲದ ನಂಬರಿನ ಫೋನ್ ಎತ್ತುವುದಿಲ್ಲ, ಕಾಗದ ಬಂದರೆ ಉತ್ತರ ಬರೆಯದೆ ಬಿಡುವುದಿಲ್ಲ.

ಆರು ಕಾಗದ ವಾಪಸ್ ಬಂದವು. ನಾಲ್ಕಕ್ಕೆ ಮಕ್ಕಳು ಫೋನ್ ಮಾಡಿ, ಅಪ್ಪ ತೀರಿಕೊಂಡರು ಎಂದರು. ಎರಡಕ್ಕೆ ಸದ್ದೇ ಇಲ್ಲ. ಕೊನೆಗೆ ಉಳಿದವರು ಐದು ಜನ. ಅದರಲ್ಲಿ ಒಬ್ಬರ ಮಗ ಕೇಳಿದ್ದು ಹೀಗೆ: "ಹೋದ ವರ್ಷ ಬರಬಾರದಿತ್ತಾ? ಅಪ್ಪನಿಗೆ ಈಗ ನೆನಪು ನಿಲ್ಲೋದಿಲ್ಲ." ಫೋನ್ ಇಟ್ಟ ಮೇಲೆ ಆ ದಿನವೆಲ್ಲ ಯಾವ ಕೆಲಸಕ್ಕೂ ಮನಸ್ಸು ಬರಲಿಲ್ಲ.

ಮೊದಲ ಭೇಟಿ ಹಾಸನದ ಮೇಷ್ಟ್ರದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ವಯಸ್ಸು 84. ನಾನು ತಯಾರಾಗಿಯೇ ಹೋಗಿದ್ದೆ ಎಂದುಕೊಂಡಿದ್ದೆ. ಎರಡು ಪುಟ ಪ್ರಶ್ನೆ. ಫೋನಿನಲ್ಲಿ ರೆಕಾರ್ಡಿಂಗ್. ಮೇಲೆ ಫ್ಯಾನ್ ತಿರುಗುತ್ತಿತ್ತು, ಒಳಗೆ ಕುಕ್ಕರ್ ಕೂಗುತ್ತಿತ್ತು. ನಲವತ್ತು ನಿಮಿಷ ಆದ ಮೇಲೆ ನೋಡುತ್ತೇನೆ, ಒಂಬತ್ತನೇ ನಿಮಿಷಕ್ಕೇ ಯಾವುದೋ ಲೋನ್ ಕಂಪನಿಯ ಫೋನ್ ಬಂದು ರೆಕಾರ್ಡಿಂಗ್ ನಿಂತುಬಿಟ್ಟಿದೆ. ನೀವೂ ಇಂಥ ಕೆಲಸಕ್ಕೆ ಇಳಿದರೆ ಫೋನನ್ನು ಮೊದಲು ಏರೋಪ್ಲೇನ್ ಮೋಡ್‌ಗೆ ಹಾಕಿ. ಫ್ಯಾನ್ ನಿಲ್ಲಿಸಿ. ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕ್ ತೆಗೆದುಕೊಳ್ಳಿ, ನನಗೆ 1,150 ರೂಪಾಯಿ ಆಯಿತು. ಐದು ನಿಮಿಷ ಮಾಡಿ, ಅಲ್ಲೇ ಒಮ್ಮೆ ಕೇಳಿ ನೋಡಿ, ಆಮೇಲೆ ಮುಂದುವರಿಸಿ.

ರೆಕಾರ್ಡ್ ಆಗಿದ್ದರೂ ದೊಡ್ಡ ಲಾಭ ಇರಲಿಲ್ಲ ಬಿಡಿ. "ಆ ಕಾಲ ಹೇಗಿತ್ತು ಸರ್?" ಎಂದು ಕೇಳಿದ್ದೆ. "ಚೆನ್ನಾಗಿತ್ತಮ್ಮ" ಎಂದಿದ್ದರು. ಪ್ರಶ್ನೆಗೆ ತಕ್ಕ ಉತ್ತರ. ಅದೂ ಅಲ್ಲದೆ ಮೇಷ್ಟ್ರಿಗೆ ಕಿವಿ ತುಂಬಾ ಮಂದ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ನಡುವಿನ ಕೀಟೋ ಊರಿಂದ ಬರುತ್ತಿದ್ದ ಎಚ್‌ಸಿಜೆಬಿ ಸ್ಟೇಷನ್ನನ್ನು ಗೊರಗೊರದ ಒಳಗಿಂದ ಹೆಕ್ಕಿದ ಕಿವಿ ಅದು. ಈಗ ಎದುರಿಗೆ ಕೂತ ನನ್ನ ಮಾತು ಕೇಳಿಸುತ್ತಿಲ್ಲ. ನಾನು ಕೂಗುವುದು, ಅವರು ಸಂಕೋಚದಿಂದ ನಗುವುದು. ಬಸ್ಸಿನಲ್ಲಿ ವಾಪಸ್ ಬರುವಾಗ ಕಣ್ಣಲ್ಲಿ ನೀರು ಬಂತು.

ಎರಡನೇ ಸಲ ಹೋಗುವಾಗ ಸ್ಲೇಟು, ಬಳಪ ಒಯ್ದೆ. ಪ್ರಶ್ನೆಗಳ ಪಟ್ಟಿಯನ್ನು ಮನೆಯಲ್ಲೇ ಬಿಟ್ಟೆ. ಅವರ ಆಲ್ಬಂ ತೆಗೆದು ಒಂದು ಕಾರ್ಡನ್ನು ಕೈಗೆ ಕೊಟ್ಟು ಸುಮ್ಮನೆ ಕೂತೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಶುರುವಾಯಿತು ನೋಡಿ. ಕಾರ್ಡ್ ರೇಡಿಯೋ ಆಸ್ಟ್ರೇಲಿಯಾದ್ದು. ಕೂಕಬರಾ ಹಕ್ಕಿಯ ನಗು ಕೇಳಿಸಿದರೆ ಅದೇ ಸ್ಟೇಷನ್ ಎಂದು ಗುರುತು. ಆ ಹಕ್ಕಿ ನಗುವುದನ್ನು ಮೇಷ್ಟ್ರು ಬಾಯಲ್ಲೇ ಮಾಡಿ ತೋರಿಸಿದರು. ಅಲ್ಲಿಂದ ಬೆಳಗಿನ ಜಾವದ ಕ್ರಿಕೆಟ್ ಕಾಮೆಂಟರಿಗೆ ಬಂದರು, ಚಂದ್ರಶೇಖರ್ 12 ವಿಕೆಟ್ ಕಿತ್ತ ಟೆಸ್ಟ್‌ಗೆ ಬಂದರು, ಅದನ್ನು ಕೇಳುತ್ತಾ ಕೂತು ಶಾಲೆಯ ಪ್ರಾರ್ಥನೆಗೆ ತಡವಾಗಿ ಹೆಡ್‌ಮಾಸ್ಟರ್ ಹತ್ತಿರ ಬೈಸಿಕೊಂಡದ್ದಕ್ಕೆ ಬಂದರು. ಒಂದೂ ಪ್ರಶ್ನೆ ಕೇಳದೆ ಎರಡು ಗಂಟೆ ಸಿಕ್ಕಿತು. ಕಾರ್ಡೇ ಇಲ್ಲದವರಾದರೆ ಹಳೇ ರೇಡಿಯೋ ಕೈಗೆ ಕೊಡಿ. ಕೆಟ್ಟಿದ್ದರೂ ಪರವಾಗಿಲ್ಲ. ಅದರ ಕಿವಿ ಹಿಂಡಲು ಶುರು ಮಾಡಿದರೆ ಸಾಕು, ಮಾತು ತಾನೇ ಬರುತ್ತದೆ.

ಇನ್ನೊಂದು ಮಾತು. ಮನೆಯ ಹೆಂಗಸರನ್ನು ಬಿಡಬೇಡಿ. ಮೇಷ್ಟ್ರ ಹೆಂಡತಿ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಅಮ್ಮಾ, ನೀವೂ ಬನ್ನಿ" ಎಂದೆ. "ನಂಗೇನು ಗೊತ್ತು, ನಾನು ಕೇಳಿದ್ದು ಬರೀ ಕೊರಕೊರ" ಎಂದರು. ಅಷ್ಟು ಹೇಳಿ, ಮೇಷ್ಟ್ರು ಹೇಳದೇ ಬಿಟ್ಟದ್ದನ್ನೆಲ್ಲ ಹೇಳಿದರು. ಏರಿಯಲ್ ತಂತಿಯ ಒಂದು ತುದಿ ತೆಂಗಿನ ಮರಕ್ಕೆ, ಇನ್ನೊಂದು ತುದಿ ಬಚ್ಚಲ ಮನೆಯ ಚಿಮಣಿಗೆ. ಬಟ್ಟೆ ಒಣಗಿಸಲು ಅದಕ್ಕಿಂತ ಒಳ್ಳೆಯ ತಂತಿ ಊರಲ್ಲೇ ಇರಲಿಲ್ಲವಂತೆ. ಒಂದು ಸಲ ಒದ್ದೆ ಸೀರೆ ಹಾಕಿದ್ದಕ್ಕೆ ಸ್ಟೇಷನ್ ಮಾಯವಾಗಿ ಎರಡು ದಿನ ಮಾತಿಲ್ಲ. ಆಗ ರೇಡಿಯೋಗೂ ಲೈಸೆನ್ಸ್ ಇತ್ತಲ್ಲ, ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿನಲ್ಲಿ ಹಣ ಕಟ್ಟಬೇಕು. ಆ ದುಡ್ಡನ್ನೂ ವಿದೇಶಕ್ಕೆ ಹಾಕುವ ಸ್ಟ್ಯಾಂಪಿನ ದುಡ್ಡನ್ನೂ ಮನೆಖರ್ಚಿನಲ್ಲಿ ಹೊಂದಿಸುತ್ತಿದ್ದವರು ಈ ಅಮ್ಮ. ದೊಡ್ಡಮ್ಮನ ಮಾತು ಆವತ್ತು ನನಗೆ ಬೇರೆ ರೀತಿ ಕೇಳಿಸಿತು. ಊರಿಗೆ ಬಂದವಳೇ ಸಾಗರಕ್ಕೆ ಹೋಗಿ ಅವರನ್ನೂ ರೆಕಾರ್ಡ್ ಮಾಡಿಕೊಂಡೆ.

ದಾವಣಗೆರೆಯವರ ಮನೆಯಲ್ಲಿ ಬೇರೆಯೇ ಪೇಚು. ಅವರು ಎಲ್ಲ ಸ್ಟೇಷನ್ನುಗಳ ಬಗ್ಗೆ ಹೇಳಿದರು, ರೇಡಿಯೋ ಪೀಕಿಂಗ್ ಕಾರ್ಡ್ ಬಂದಾಗ ಮಾತ್ರ ಪುಟ ಮಗುಚಿದರು. ಮೈಕ್ ತೆಗೆದಿಟ್ಟ ಮೇಲೆ ಹೇಳಿದರು. 1962ರ ಯುದ್ಧ ಮುಗಿದು ಕೆಲವು ವರ್ಷ ಆಗಿತ್ತು. ಚೀನಾದಿಂದ ಲಕೋಟೆ ಬರುತ್ತದೆ ಎಂದು ಯಾರೋ ದೂರು ಕೊಟ್ಟು, ಪೊಲೀಸರು ಮನೆಗೆ ಬಂದು ಹೋದರು. ಏನೂ ಆಗಲಿಲ್ಲ. ಆದರೆ ಓಣಿಯವರು ಬಹಳ ದಿನ ಒಂದು ತರಹ ನೋಡಿದರು. "ಇದನ್ನು ಹಾಕಬೇಡಮ್ಮಾ, ಮೊಮ್ಮಗನಿಗೆ ಹೆಣ್ಣು ನೋಡ್ತಾ ಇದೀವಿ" ಎಂದರು. ನಕ್ಕುಬಿಡಬಹುದು, ಆದರೆ ಆ ಭಯ ನಿಜವಾದದ್ದು. ಯಾರು, ಎಲ್ಲಿ ಎಂದು ತಿಳಿಯದ ಹಾಗೆ ಇಷ್ಟನ್ನು ಬರೆಯಲು ಆಮೇಲೆ ಅವರೇ ಒಪ್ಪಿದರು. ಊರಿನ ಹೆಸರನ್ನೂ ನಾನು ಬದಲಿಸಿದ್ದೇನೆ.

ಅವತ್ತೇ ರಾತ್ರಿ ಲಾಡ್ಜಿನಲ್ಲಿ ಕೂತು ಒಪ್ಪಿಗೆ ಪತ್ರವನ್ನು ಹೊಸದಾಗಿ ಬರೆದೆ. ಮೊದಲು ಅದರಲ್ಲಿ ಒಂದೇ ಸಾಲು ಇತ್ತು: ಬಳಸಲು ಒಪ್ಪಿಗೆ ಇದೆ. ಈಗ ಮೂರು ಆಯ್ಕೆ. ಎಲ್ಲರೂ ಕೇಳಬಹುದು, ಮನೆಯವರು ಮಾತ್ರ ಕೇಳಬಹುದು, ನನ್ನ ಕಾಲಾನಂತರ ಕೇಳಬಹುದು. ಬೇಡದ ಭಾಗ ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷ ಎಂದು ಬರೆಯಲು ಜಾಗ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಒಂದೇ ಪುಟ. ಮಗನೋ ಮಗಳೋ ಒಬ್ಬರು ಸಾಕ್ಷಿಯಾಗಿ ಸಹಿ ಮಾಡಿದರೆ ಒಳ್ಳೆಯದು. ಮುಂದೆ ತಕರಾರು ಬಂದರೆ ಬರುವುದು ಅವರಿಂದಲೇ.

ತಾರೀಕುಗಳ ಗೋಜಲಿನಲ್ಲಿ ಒಂದು ತಿಂಗಳು ಹೋಯಿತು. ಶಿರಸಿಯವರು ಮನುಷ್ಯ ಚಂದ್ರನ ಮೇಲೆ ಇಳಿದದ್ದನ್ನು ವಾಯ್ಸ್ ಆಫ್ ಅಮೆರಿಕದಲ್ಲಿ ಕೇಳಿದವರು. "1969ರ ಜುಲೈ 21, ನಡುರಾತ್ರಿ ದಾಟಿತ್ತು" ಎಂದರು. ಅವರದೇ ಲಾಗ್‌ಬುಕ್ಕಿನಲ್ಲಿ ಜುಲೈ 20 ಎಂದಿದೆ. ನೆನಪು ಕೈಕೊಟ್ಟಿರಬೇಕು ಎಂದುಕೊಂಡೆ. ತಪ್ಪು ನನ್ನದು. ಹವ್ಯಾಸಿಗಳು ಲಾಗ್ ಬರೆಯುವುದು ಜಿಎಂಟಿಯಲ್ಲಿ, ಅಂದರೆ ಇಂಗ್ಲೆಂಡಿನ ಗ್ರೀನಿಚ್ ಸಮಯದಲ್ಲಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನೌಕೆ ಇಳಿದದ್ದು ಜಿಎಂಟಿಯಲ್ಲಿ 20ರ ರಾತ್ರಿ 8:17, ನಮಗೆ 21ರ ನಸುಕಿನ 1:47. ಎರಡೂ ಸರಿ. ಅಲ್ಲಿಯವರೆಗೆ ನಾನು ಲಾಗ್‌ಬುಕ್ ನೋಡಿ 'ತಿದ್ದಿದ್ದ' ತಾರೀಕುಗಳನ್ನೆಲ್ಲ ವಾಪಸ್ ತಿದ್ದಬೇಕಾಯಿತು.

ಹಾಗಂತ ನೆನಪು ತಪ್ಪುವುದೇ ಇಲ್ಲ ಎಂದಲ್ಲ. ಚಂದ್ರಶೇಖರ್ ಆ 12 ವಿಕೆಟ್ ಪಡೆದದ್ದು ಸಿಡ್ನಿಯಲ್ಲಿ ಎಂದು ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ದರು. ಅದು ಮೆಲ್ಬರ್ನ್. 1977ರ ಡಿಸೆಂಬರ್ 30ಕ್ಕೆ ಶುರುವಾದ ಟೆಸ್ಟ್. ಎರಡೂ ಇನಿಂಗ್ಸ್‌ನಲ್ಲಿ 52 ರನ್ನಿಗೆ 6 ವಿಕೆಟ್. ಅದರ ಹಿಂದೆಯೇ ಸಿಡ್ನಿಯಲ್ಲೂ ಭಾರತ ಗೆದ್ದಿತು, ಹಾಗಾಗಿ ಎರಡೂ ಕಲಸಿಹೋಗಿವೆ. ನಾನು ರೆಕಾರ್ಡಿಂಗ್ ಮುಟ್ಟಲಿಲ್ಲ. ವಿವರಣೆಯಲ್ಲಿ ಒಂದು ಸಾಲು ಸೇರಿಸಿದೆ, ಅಷ್ಟೆ. ಅವರ ಮಾತನ್ನು ತಿದ್ದಿ ಇಟ್ಟರೆ ಅದು ಅವರ ಮಾತಾಗಿ ಉಳಿಯುವುದಿಲ್ಲ, ಅಲ್ವಾ?

ತಾಳೆ ನೋಡಲು ಹೋಗಿ ಹೊಸ ಕಥೆ ಸಿಕ್ಕಿದ್ದೂ ಉಂಟು. ಧಾರವಾಡದ ಕಡೆಯವರೊಬ್ಬರ ಲಾಗ್‌ಬುಕ್ಕಿನಲ್ಲಿ 1984ರ ಅಕ್ಟೋಬರ್ 31ರ ಪುಟದಲ್ಲಿ ಬಿಬಿಸಿ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿತ್ತು. ಏನಿದು ಎಂದೆ. ಇಂದಿರಾ ಗಾಂಧಿ ಹೋದ ಸುದ್ದಿ. ಇಲ್ಲಿ ಅಧಿಕೃತವಾಗಿ ಹೇಳಿದ್ದು ಸಂಜೆಗೆ. ಇವರು ಮಧ್ಯಾಹ್ನವೇ ಚಾ ಅಂಗಡಿಯಲ್ಲಿ ಹೇಳಿ, "ಬಾಯಿ ಮುಚ್ಚರೀ, ಅಪಶಕುನ ನುಡೀಬ್ಯಾಡ್ರಿ" ಎಂದು ಬೈಸಿಕೊಂಡಿದ್ದರು. ಸಂಜೆ ಅದೇ ಅಂಗಡಿಯವ ಮನೆ ಬಾಗಿಲಿಗೆ ಬಂದು, "ಮುಂದೇನಾಗ್ತದಂತ್ರೀ ಸರ?" ಎಂದು ಕೇಳಿದನಂತೆ.

ಇನ್ನು ಕ್ಯಾಸೆಟ್ಟು. ಹೊಟ್ಟೆ ಉರಿಯುವ ಭಾಗ ಇದು. ಶಿರಸಿಯವರ ಹತ್ತಿರ 31 ಕ್ಯಾಸೆಟ್ ಇದ್ದವು, ರೇಡಿಯೋದಿಂದ ರೆಕಾರ್ಡ್ ಮಾಡಿದವು. ಮಲೆನಾಡಿನ ಮಳೆಗಾಲ ಗೊತ್ತಲ್ಲ. ಹನ್ನೆರಡಕ್ಕೆ ಬಿಳಿ ಬೂಷ್ಟು. ಒಂದನ್ನು ಪ್ಲೇಯರ್ ರಿಪೇರಿಯವನಿಗೆ ಕೊಟ್ಟೆ. ಒರೆಸದೆ ಹಾಗೇ ಹಾಕಿ ಓಡಿಸಿದ. ಟೇಪು ತುಂಡಾಯಿತು, ಪ್ಲೇಯರಿನ ಹೆಡ್ಡಿಗೂ ಬೂಷ್ಟು ಮೆತ್ತಿತು. ಬೂಷ್ಟು ಹಿಡಿದದ್ದನ್ನು ನೀವೇ ಓಡಿಸಲು ಹೋಗಬೇಡಿ, ಬೇರೆಯಾಗಿ ಕವರಿನಲ್ಲಿ ಹಾಕಿಡಿ. ಚೆನ್ನಾಗಿರುವುದನ್ನು ಮೊದಲು ಪೆನ್ಸಿಲ್ ಹಾಕಿ ಕೈಯಲ್ಲೇ ಪೂರ್ತಿ ಒಮ್ಮೆ ಸುತ್ತಿ, ಟೇಪು ಸಡಿಲವಾದ ಮೇಲೆ ಓಡಿಸಿ. ಹಿಂದಿರುವ ಎರಡು ಪ್ಲಾಸ್ಟಿಕ್ ಹಲ್ಲು ಮುರಿದುಬಿಡಿ, ಕೈತಪ್ಪಿ ಅಳಿಸಿಹೋಗುವ ಭಯ ಇರುವುದಿಲ್ಲ. ಕಂಪ್ಯೂಟರಿಗೆ ಇಳಿಸಲು ನಾನು ಬಳಸಿದ್ದು ಅಡಾಸಿಟಿ ಎಂಬ ಸಾಫ್ಟ್‌ವೇರ್, ಅದು ಪುಕ್ಕಟೆ. ಮೂಲ ಪ್ರತಿಯನ್ನು ವೇವ್ ಫೈಲ್ ಆಗಿಯೇ ಇಡಿ. ಗೊರಗೊರ ತೆಗೆಯುವ ಆಸೆ ಬಂದರೆ ಪ್ರತಿಯ ಮೇಲೆ ತೀರಿಸಿಕೊಳ್ಳಿ.

ಗೊರಗೊರ ತೆಗೆಯದೆ ಬಿಟ್ಟದ್ದು ಎಷ್ಟು ಒಳ್ಳೆಯದಾಯಿತು ಎಂದು ಆಮೇಲೆ ಗೊತ್ತಾಯಿತು. ಅವರು ರೇಡಿಯೋ ಮುಂದೆ ಟೇಪ್‌ರೆಕಾರ್ಡರ್ ಇಟ್ಟು, ಅದರ ಮೈಕಿನಲ್ಲೇ ಹಿಡಿದವರು. ಹಾಗಾಗಿ ರೇಡಿಯೋ ನೆದರ್ಲೆಂಡ್ಸ್ ಜೊತೆಗೆ ಅವರ ಮನೆಯೂ ಟೇಪಿನಲ್ಲಿದೆ. ಹಂಚಿನ ಮೇಲೆ ಮಳೆ. ಒರಳಿನ ಸದ್ದು. ಮಗುವಿನ ಅಳು. ಒಬ್ಬ ಹೆಂಗಸು ಒಳಗಿಂದ, "ಕಾಫಿ ಆರಿ ಹೋಗ್ತಾ ಇದ್ದು, ಕೇಳ್ತಾ?" ಎನ್ನುತ್ತಾರೆ. ಅದು ಅವರ ತಾಯಿ. ತೀರಿಕೊಂಡು ಮೂವತ್ತು ವರ್ಷ. ಆ ದನಿ ಇನ್ನೆಲ್ಲೂ ಇಲ್ಲ. ಅದನ್ನು ಹಾಕಿ ಕೇಳಿಸಿದಾಗ ಶಿರಸಿಯವರು ಎದ್ದು ಅಂಗಳಕ್ಕೆ ಹೋದರು. ಹೊತ್ತಾದ ಮೇಲೆ ಬಂದು, "ಇನ್ನೊಂದ್ಸಲ ಹಾಕು" ಎಂದರು.

ಕಾರ್ಡ್ ಸ್ಕ್ಯಾನ್ ಮಾಡುವುದು ಬೇಜಾರಿನ ಕೆಲಸ, ಕಷ್ಟದ್ದಲ್ಲ. 600 ಡಿಪಿಐ, ಎರಡೂ ಬದಿ. ಹಿಂಬದಿಯನ್ನು ಬಿಡಲೇಬೇಡಿ, ಫ್ರೀಕ್ವೆನ್ಸಿ, ತಾರೀಕು, ಸಹಿ ಎಲ್ಲ ಅಲ್ಲೇ ಇರುತ್ತದೆ. ಮನೆ ವಿಳಾಸ ಇದ್ದರೆ ಹೊರಗೆ ಹಾಕುವ ಪ್ರತಿಯಲ್ಲಿ ಮುಚ್ಚಿ. ಲಕೋಟೆಗಳ ಸ್ಥಿತಿ ನೋಡಿ ನಗು ಬಂತು. ಎಲ್ಲರ ಮನೆಯಲ್ಲೂ ಮಕ್ಕಳು ಸ್ಟ್ಯಾಂಪ್ ಸಂಗ್ರಹಕ್ಕೆ ಮೂಲೆ ಕತ್ತರಿಸಿದ್ದಾರೆ, ಸ್ಟ್ಯಾಂಪಿನ ಜೊತೆ ಅಂಚೆ ಮುದ್ರೆಯ ತಾರೀಕೂ ಹೋಗಿದೆ. ಚಿಕ್ಕಮಗಳೂರಿನಲ್ಲಂತೂ ಮಗ ಅಪ್ಪನ ಮೇಲಿನ ಪ್ರೀತಿಗೆ ಅರವತ್ತು ಕಾರ್ಡುಗಳಿಗೆ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದಾನೆ. ಒಮ್ಮೆ ಮಾಡಿಸಿದರೆ ಬಿಡಿಸಲು ಆಗುವುದಿಲ್ಲ. ದಯವಿಟ್ಟು ಮಾಡಿಸಬೇಡಿ. ಅಂಟು ಹಾಳೆಯ ಆಲ್ಬಂ, ತುಕ್ಕು ಹಿಡಿಯುವ ಪಿನ್ನು, ರಬ್ಬರ್ ಬ್ಯಾಂಡ್ ಕೂಡ ಬೇಡ.

ಎಲ್ಲ ಆದ ಮೇಲೆ ಇದನ್ನು ಎಲ್ಲಿ ಇಡುವುದು? ಒಂದು ಗ್ರಂಥಾಲಯಕ್ಕೆ ಹೋದೆ. ಮೂರು ಸಲ ಅಲೆಸಿ, "ಪುಸ್ತಕ ಅಲ್ವಲ್ಲ ಮೇಡಂ, ಯಾವ ರಿಜಿಸ್ಟರಿನಲ್ಲಿ ಬರೆಯೋದು?" ಎಂದರು. ಹೊರದೇಶದಲ್ಲಿ ಇದಕ್ಕೆ ಜಾಗ ಇದೆ. ವಿಯೆನ್ನಾದಲ್ಲಿ ರೇಡಿಯೋದವರ ಕಾಗದಪತ್ರಗಳಿಗೇ ಮೀಸಲಾದ ಡಾಕ್ಯುಮೆಂಟೇಶನ್ಸ್‌ಆರ್ಕೈವ್ ಫುಂಕ್ ಇದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕೇಳುಗರ ಕ್ಯೂಎಸ್‌ಎಲ್ ಸಂಗ್ರಹ ಇದೆ. ಐದು ಮನೆಯವರನ್ನೂ ಕೇಳಿದೆ. ಯಾರಿಗೂ ಮನಸ್ಸಾಗಲಿಲ್ಲ. "ಅಲ್ಲಿಂದ ಬಂದ ಕಾರ್ಡನ್ನು ವಾಪಸ್ ಅಲ್ಲಿಗೇ ಕಳಿಸೋದಾ?" ಎಂದರು ಮೇಷ್ಟ್ರು.

ಹಾಗಾಗಿ ಕಾರ್ಡುಗಳು ಅವರವರ ಮನೆಯಲ್ಲೇ ಇವೆ. ಒಪ್ಪಿಗೆ ಸಿಕ್ಕ ಮಾತುಗಳನ್ನು ಇಂಟರ್ನೆಟ್ ಆರ್ಕೈವ್ ಎಂಬ ವೆಬ್‌ಸೈಟಿಗೆ ಏರಿಸಿದೆ. ಹಣ ಕೊಡಬೇಕಾಗಿಲ್ಲ. ಈ ಕೆಲಸಕ್ಕೆಂದೇ ಬೇರೆ ಇಮೇಲ್ ಮಾಡಿಕೊಳ್ಳಿ. ಕ್ಯಾಸೆಟ್ಟಿನಲ್ಲಿರುವ ಸ್ಟೇಷನ್ನಿನ ಕಾರ್ಯಕ್ರಮಗಳನ್ನು ನಾನು ಹಾಕಲಿಲ್ಲ, ಅವುಗಳ ಹಕ್ಕು ನಮ್ಮದಲ್ಲ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವಾಗ ಬರೀ ಚೌಕಗಳಾದವು. ಫೈಲಿನ ಹೆಸರಿಗೆ ಅಂಕಿಗಳನ್ನೇ ಬಳಸಿ, ಕನ್ನಡ ವಿವರಣೆಯನ್ನು ಒಳಗೆ ಬರೆಯಿರಿ.

ಖರ್ಚು ಒಟ್ಟು 22 ಸಾವಿರದ ಹತ್ತಿರ. ಅದರಲ್ಲಿ ಎರಡು ಹಾರ್ಡ್ ಡಿಸ್ಕಿಗೇ 9,200. ಎರಡು ಯಾಕೆ ಎಂದರೆ, ಒಂದು ಶಿವಮೊಗ್ಗದ ನಮ್ಮ ಮನೆಯಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ ತಂಗಿಯ ಬೀರುವಿನಲ್ಲಿ. ಬಸ್ಸು, ಲಾಡ್ಜು ಸೇರಿ 6,800. ಹಳೇ ಕ್ಯಾಸೆಟ್ ಪ್ಲೇಯರ್ 2,500. ಉಳಿದದ್ದು ಸಣ್ಣಪುಟ್ಟದ್ದು.

ಕೊನೆಗೆ ಐದೂ ಜನಕ್ಕೆ ಅವರವರ ದನಿ ಇರುವ ಪೆನ್‌ಡ್ರೈವ್ ಅಂಚೆಯಲ್ಲಿ ಕಳಿಸಿದೆ. ಹೋದ ಶನಿವಾರ ಹಾಸನದಿಂದ ಒಂದು ಲಕೋಟೆ ಬಂತು. ಮೇಷ್ಟ್ರ ಅಕ್ಷರ. ಮೊಮ್ಮಗಳ ಹೆಡ್‌ಫೋನ್ ಹಾಕಿಕೊಂಡು, ಸದ್ದು ಪೂರ್ತಿ ಏರಿಸಿ ಕೇಳಿದರಂತೆ. ಕೇಳಿ, ವರದಿ ಬರೆದಿದ್ದಾರೆ. ತಾರೀಕು ಇದೆ, ಸಮಯ ಜಿಎಂಟಿಯಲ್ಲಿದೆ. ಸಿನ್‌ಪೋ 5 3 4 5 4. ಕೆಳಗೆ ಟಿಪ್ಪಣಿ: "ಅಡಚಣೆಗೆ 3 ಕೊಡಲು ಕಾರಣ, 22ನೇ ನಿಮಿಷದಲ್ಲಿ ನಮ್ಮ ಮನೆಯವಳ ಒಗ್ಗರಣೆ ನನ್ನ ಮಾತಿಗಿಂತ ಜೋರಾಗಿದೆ. ವರದಿ ಸರಿಯಿದ್ದಲ್ಲಿ ದಯವಿಟ್ಟು ಕ್ಯೂಎಸ್‌ಎಲ್ ಕಳುಹಿಸುವುದು. ಮರು ಅಂಚೆಗೆ ಸ್ಟ್ಯಾಂಪ್ ಇಟ್ಟಿದೆ."

22ನೇ ನಿಮಿಷ ಹಾಕಿ ನೋಡಿದೆ. ಹೌದು, ಸಾಸಿವೆ ಸಿಡಿಯುತ್ತಿದೆ.

ಸೋಮವಾರ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ ಕಾರ್ಡ್ ಮಾಡಿಸಲು ಎಷ್ಟಾಗುತ್ತದೆ ಎಂದು ಕೇಳಿದೆ. ನೂರಕ್ಕಿಂತ ಕಡಿಮೆ ಹಾಕುವುದಿಲ್ಲವಂತೆ. ಆಗಲಿ, ನೂರೇ ಹಾಕಿ ಎಂದು ಅಡ್ವಾನ್ಸ್ ಕೊಟ್ಟು ಬಂದಿದ್ದೇನೆ.